ಕುಮಾನೊ ಕೊದೊ ಹಾದಿಯ ಮಿನ್ಶುಕುಗಳಲ್ಲಿ ಅಮ್ಮನ ಜೊತೆ ಉಳಿಯಬಹುದಾ?

ಕಾಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಅಮ್ಮನ ಜೊತೆ ಜಪಾನಿಗೆ ಹೋಗುತ್ತಿದ್ದೇನೆ. ವಾಕಾಯಾಮಾ ಸೀಮೆಯ ಬೆಟ್ಟಗಳಲ್ಲಿರುವ ಹಳೆಯ ಯಾತ್ರಾಹಾದಿ ಕುಮಾನೊ ಕೊದೊದ ನಾಕಾಹೆಚಿ ಎಂಬ ಕವಲಿನಲ್ಲಿ, ತಾಕಿಜಿರಿಯಿಂದ ಹೊಂಗು ದೇಗುಲದವರೆಗೆ ನಡೆಯುವ ಆಸೆ. ಅಮ್ಮನಿಗೆ 63. ಬೆಟ್ಟ ಹತ್ತಲು ಅವರಿಗೆ ಭಯವಿಲ್ಲ. ಭಯ ಇರುವುದು ರಾತ್ರಿ ತಂಗುವ ಮಿನ್ಶುಕುಗಳ ಬಗ್ಗೆ, ಅಂದರೆ ಮನೆಯವರೇ ನಡೆಸುವ ಪುಟ್ಟ ತಂಗುಮನೆಗಳ ಬಗ್ಗೆ. ನಾವು ಮೀನು, ಮಾಂಸ, ಮೊಟ್ಟೆ ಯಾವುದೂ ತಿನ್ನುವುದಿಲ್ಲ. ನೆಲದ ಮೇಲೆ ಮಲಗಿ ಏಳುವಾಗ ಅಮ್ಮನಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಜಾಸ್ತಿ, ಬೇರೆಯವರ ಎದುರು ಬಟ್ಟೆ ಬಿಚ್ಚಿ ಸ್ನಾನ ಮಾಡಬೇಕಂತೆ ಎಂದು ಯಾರೋ ಹೇಳಿದ ಮೇಲೆ "ನಾನು ಬರೋದೇ ಇಲ್ಲ" ಎಂದು ಕೂತಿದ್ದಾರೆ. ಅಲ್ಲಿ ಉಳಿದವರು ಯಾರಾದರೂ ಇದ್ದೀರಾ? ಸುಮ್ನೆ ಹತ್ತಿರದ ತಾನಾಬೆ ಪಟ್ಟಣದಲ್ಲೇ ಹೋಟೆಲ್ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುವುದು ವಾಸಿಯಾ?

ಗುಡ್ಡದಹಾದಿ:
ಖಂಡಿತ ಮಿನ್ಶುಕುಗಳಲ್ಲೇ ಉಳಿಯಿರಿ. ನಾನೂ ನನ್ನ ತಂಗಿಯೂ ಅದೇ ದಾರಿಯಲ್ಲಿ ನಡೆದವರು, ನಾವೂ ಸಸ್ಯಾಹಾರಿಗಳು. ಬೆಟ್ಟದ ಹಾದಿ ಎಷ್ಟು ಚೆನ್ನಾಗಿದೆಯೋ ಆ ಮನೆಗಳೂ ಅಷ್ಟೇ ಚೆನ್ನಾಗಿವೆ. ಆದರೆ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಅಲ್ಲಿ ಅಡುಗೆ ಮಾಡುವವರು ಒಬ್ಬರೋ ಇಬ್ಬರೋ. ಅಕ್ಕಪಕ್ಕ ದೊಡ್ಡ ಅಂಗಡಿ ಇಲ್ಲ. ಯಾರು ಬರುತ್ತಾರೆ, ಏನು ತಿನ್ನುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ ಸಾಮಾನು ತರಿಸಿರುತ್ತಾರೆ. ಬಾಗಿಲಿಗೆ ಹೋಗಿ ನಿಂತು "ಮೀನು ಬೇಡ" ಎಂದರೆ ಅವರಿಗೂ ಸಂಕಟ, ನಿಮಗೆ ಬರೀ ಅನ್ನ ಉಪ್ಪಿನಕಾಯಿ. ಹಾಗಾಗಿ ರೂಮ್ ಬುಕ್ ಮಾಡುವಾಗಲೇ ಬರೆದುಬಿಡಿ.

ಬರೀ "ವೆಜಿಟೇರಿಯನ್" ಎಂದು ಬರೆದರೆ ಸಾಲದು. ಅವರ ಸಾರು, ಪಲ್ಯ, ಅದ್ದಿಕೊಳ್ಳುವ ರಸ ಎಲ್ಲಕ್ಕೂ ಬುಡದಲ್ಲಿ ದಾಶಿ ಎಂಬ ತಿಳಿಸಾರು ಇರುತ್ತದೆ. ಅದನ್ನು ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನನ್ನು ಹೆರೆದ ಚೂರುಗಳಿಂದ ತೆಗೆಯುತ್ತಾರೆ. ಮೀನಿನ ತುಂಡು ಕಾಣದಿದ್ದರೆ ಮೀನಿಲ್ಲ ಎಂದೇ ಬಹಳ ಜನ ಅಂದುಕೊಳ್ಳುತ್ತಾರೆ. "ಮೀನಿನ ದಾಶಿಯೂ ಬೇಡ, ಕೊಂಬು ಅಥವಾ ಶಿಟಾಕೆ ಅಣಬೆಯ ದಾಶಿ ಆಗುತ್ತದೆ, ಮೊಟ್ಟೆಯೂ ಬೇಡ" ಎಂದು ಬಿಡಿಸಿ ಹೇಳಿ. ಕೊಂಬು ಅಂದರೆ ಕಡಲ ಪಾಚಿ. ಇದನ್ನೇ ಜಪಾನೀಸ್‌ನಲ್ಲಿ ಬರೆಸಿದ ಒಂದು ಚೀಟಿ ಕೈಯಲ್ಲಿರಲಿ.

ದಾರಿಯಲ್ಲಿ ಸಿಗುವ ಚಿಕಾತ್ಸುಯು ಹಳ್ಳಿಯಲ್ಲಿ ನಾವಿದ್ದ ಮನೆಯ ಅಜ್ಜಿ ಚೀಟಿ ಓದಿ ಒಳಗೆ ಹೋದರು. ಎರಡು ಪೊಟ್ಟಣ ಹಿಡಿದು ಬಂದರು. ಒಂದರ ಮೇಲೆ ಮೀನಿನ ಚಿತ್ರ. ಅದನ್ನು ಪಕ್ಕಕ್ಕಿಟ್ಟು ಎರಡೂ ಕೈಯನ್ನು ಎದೆಯ ಮುಂದೆ ಅಡ್ಡಡ್ಡ ಕಟ್ಟಿ, ಬೇಡ ಅಲ್ವಾ ಎನ್ನುವಂತೆ ನೋಡಿದರು. ಇನ್ನೊಂದು ಕಪ್ಪು ಕೊಂಬು. ಅದನ್ನು ಎತ್ತಿ ತೋರಿಸಿದರು. ನಾವಿಬ್ಬರೂ ಜೋರಾಗಿ ತಲೆಯಾಡಿಸಿದೆವು. ಆ ರಾತ್ರಿ ಬಿಸಿ ತೋಫು, ಬೇಯಿಸಿದ ಕುಂಬಳಕಾಯಿ, ಮೊಟ್ಟೆ ಹಾಕದ ಹಿಟ್ಟಿನಲ್ಲಿ ಕರಿದ ಕಾಡು ಸೊಪ್ಪು, ಅದ್ದಿಕೊಳ್ಳಲು ರಸದ ಬದಲು ಉಪ್ಪು. ಜೊತೆಗೆ ಉಮೆಬೊಶಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಉಮೆ ಹಣ್ಣು. ವಾಕಾಯಾಮಾ ಸೀಮೆಯೇ ಈ ಹುಳಿ ಹಣ್ಣಿಗೆ ಹೆಸರುವಾಸಿ. ನನ್ನ ತಂಗಿ ಅದರ ಬೀಜವನ್ನೂ ಬಿಡದೆ ಚೀಪಿದಳು!

ಊಟ ಸಾಮಾನ್ಯವಾಗಿ ಸಂಜೆ 6ಕ್ಕೆ. ಅದಕ್ಕೂ ಮೊದಲು ಸ್ನಾನ ಆಗಬೇಕು. ಅಂದರೆ 4 ಗಂಟೆಯ ಹೊತ್ತಿಗೆ ಮನೆ ಸೇರುವ ಹಾಗೆ ಬೆಳಿಗ್ಗೆ ಹೊರಡಿ. ನವೆಂಬರ್‌ನಲ್ಲಿ 5ಕ್ಕೆಲ್ಲ ಹೊತ್ತು ಮುಳುಗುತ್ತದೆ, ಮರಗಳ ಕೆಳಗೆ ಇನ್ನೂ ಬೇಗ ಕತ್ತಲು. ದಾರಿಯಲ್ಲಿ 500 ಮೀಟರ್‌ಗೊಂದು ನಂಬರ್ ಕಂಬ ಇದೆ, ತಾಕಿಜಿರಿಯಲ್ಲಿ 1, ಹೊಂಗುವಿನಲ್ಲಿ 75. ಅದನ್ನು ನೋಡಿಕೊಂಡು ಎಷ್ಟು ಹೊತ್ತಾಗಬಹುದು ಎಂದು ಲೆಕ್ಕ ಹಾಕಬಹುದು. ತಡವಾಗುವುದಾದರೆ ಫೋನ್ ಮಾಡಲೇಬೇಕು. ಇಲ್ಲದಿದ್ದರೆ ಕಾಡಿನಲ್ಲಿ ಏನಾಯಿತೋ ಎಂದು ಗಾಬರಿಯಾಗುತ್ತಾರೆ.

ಎರಡುಜಡೆ:
ಸ್ನಾನದ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಅತ್ತೆಯದೂ ಇದೇ ರಗಳೆ ಇತ್ತು. ಸಣ್ಣ ಮಿನ್ಶುಕುವಿನಲ್ಲಿ ಇರುವುದೇ ಒಂದು ಮನೆಯ ಬಚ್ಚಲು. ಸರದಿ ಪ್ರಕಾರ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮಾಡುವುದು ಅನೇಕ ಕಡೆ ಇದೆ. ಬುಕ್ ಮಾಡುವಾಗ ಕೇಳಿ ಖಚಿತ ಮಾಡಿಕೊಳ್ಳಿ. ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಎದ್ದ ಮೇಲೆ ತೊಟ್ಟಿಯ ನೀರು ಖಾಲಿ ಮಾಡಬೇಡಿ, ನಿಮ್ಮ ಹಿಂದೆ ಬರುವವರಿಗೂ ಅದೇ ನೀರು. ಮುಚ್ಚಳವಿದ್ದರೆ ಮುಚ್ಚಿ ಬನ್ನಿ.

ಅಮ್ಮನನ್ನು ಯುನೊಮಿನೆ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ ಮಾತ್ರ ತಪ್ಪದೆ ಕರೆದುಕೊಂಡು ಹೋಗಿ. ಹೊಂಗುವಿಗೆ ಹತ್ತಿರ. ಅಲ್ಲಿ ತೊರೆಯ ಮೇಲೆ ತ್ಸುಬೊಯು ಎಂಬ ಮರದ ಗೂಡು ಇದೆ. ಒಳಗೆ ಬಿಸಿನೀರಿನ ಬುಗ್ಗೆಯ ಗುಂಡಿ, ಇಬ್ಬರು ಕೂರುವಷ್ಟು. ನಿಮ್ಮ ಸರದಿ ಬಂದಾಗ 30 ನಿಮಿಷ ಅದು ನಿಮ್ಮದೇ, ಬೇರೆ ಯಾರೂ ಬರುವುದಿಲ್ಲ. ತಾಯಿ ಮಗಳು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಬಚ್ಚಲು ಅದು.

ಕಾಡುಮಲ್ಲಿಗೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಚಿಲಕದ ವಿಷಯ ಓದಿ ಹೇಳಿದೆ, ಅಮ್ಮ ಅರ್ಧ ಒಪ್ಪಿದ್ದಾರೆ. ಮಂಡಿಗೆ ಏನು ಮಾಡಲಿ?

ಗುಡ್ಡದಹಾದಿ:
ಎರಡು ಹಾಸಿಗೆ ಒಂದರ ಮೇಲೊಂದು ಹಾಸಿಕೊಡಿ ಎಂದು ಕೇಳಿ, ಏಳುವುದು ಸಲೀಸು. ಮಂಚ ಇರುವ ಮನೆಗಳೂ ಕೆಲವು ಇವೆ. ಊಟಕ್ಕೆ ಕುರ್ಚಿ ಮೇಜು ಇದೆಯಾ ಎಂದು ಕೂಡ ವಿಚಾರಿಸಿ, ಮಂಡಿ ನೋವಿನವರಿಗೆ ರಾತ್ರಿ ಮಲಗುವುದಕ್ಕಿಂತ ಚಾಪೆಯ ಮೇಲೆ ಕೂತು ಉಣ್ಣುವುದೇ ಕಷ್ಟ. ದೊಡ್ಡ ಬ್ಯಾಗನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವವರಿದ್ದಾರೆ, ಆ ದುಡ್ಡು ಉಳಿಸಲು ಹೋಗಬೇಡಿ.

ಮೊದಲ ದಿನ ತಾಕಾಹಾರಾ ಹಳ್ಳಿಯಲ್ಲೇ ನಿಲ್ಲಿ. 4 ಕಿಲೋಮೀಟರ್ ಅಷ್ಟೇ, ಆದರೆ ಹೆಜ್ಜೆ ಇಟ್ಟಲ್ಲಿಂದಲೇ ಏರು. ಎರಡನೇ ರಾತ್ರಿ ಚಿಕಾತ್ಸುಯು. ಅಲ್ಲಿಂದ ಹೊಂಗು ಸುಮಾರು 25 ಕಿಲೋಮೀಟರ್. ಅಮ್ಮನಿಗೆ ಅಷ್ಟು ಬೇಡ ಅನಿಸಿದರೆ ಹೊಶ್ಶಿನ್‌ಮೊನ್ ಓಜಿ ಎಂಬ ಪುಟ್ಟ ಗುಡಿಯವರೆಗೆ ಬಸ್ಸಿನಲ್ಲಿ ಹೋಗಿ, ಕೊನೆಯ 7 ಕಿಲೋಮೀಟರ್ ನಡೆಯಿರಿ. ಹೆಚ್ಚು ಪಾಲು ಇಳಿಜಾರು, ನಡುವೆ ಹಳ್ಳಿ, ಚಹಾ ತೋಟ.

ಎರಡುಜಡೆ:
ಒಂದು ಮಾತು ಸೇರಿಸುತ್ತೇನೆ. ತಾನಾಬೆ ಬಿಡುವ ಮೊದಲು ನಗದು ಯೆನ್ ತೆಗೆದಿಟ್ಟುಕೊಳ್ಳಿ, ಕಾರ್ಡ್ ತೆಗೆದುಕೊಳ್ಳದ ಮನೆಗಳಿವೆ. ಮಧ್ಯಾಹ್ನದ ಬುತ್ತಿಯನ್ನೂ ಅವರೇ ಕಟ್ಟಿಕೊಡುತ್ತಾರೆ, ಹಿಂದಿನ ದಿನವೇ ಹೇಳಿದರೆ. ಉಪ್ಪು ಹಾಕಿಟ್ಟ ಸಾಸಿವೆ ಸೊಪ್ಪಿನಲ್ಲಿ ಸುತ್ತಿದ ಅನ್ನದ ಉಂಡೆ, ಮೆಹಾರಿಝುಶಿ, ಅಲ್ಲಿಯದೇ ತಿಂಡಿ. ಅದರಲ್ಲೂ ಹೆರೆದ ಮೀನಿನ ಚೂರು ಸೇರಿಸುವವರಿದ್ದಾರೆ, ಚೀಟಿ ತೋರಿಸಿ.

ಕಾಡುಮಲ್ಲಿಗೆ:
ತಾಕಾಹಾರಾ, ಚಿಕಾತ್ಸುಯು, ಯುನೊಮಿನೆ. ಹೀಗೇ ಮಾಡುತ್ತೇವೆ. ಇವತ್ತೇ ಮೂರೂ ಮನೆಗೆ ದಾಶಿ, ಮೊಟ್ಟೆ, ಎರಡು ಹಾಸಿಗೆ ಎಲ್ಲ ಬರೆದು ಕಳಿಸುತ್ತೇನೆ. ಉತ್ತರ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.