‘ದಿ ಆಫ್ರಿಕನ್ ಕ್ವೀನ್’: ಆ ನದಿಯ ದಡದಲ್ಲಿ ಜನರೇ ಇರಲಿಲ್ಲವೇ?

ಶರಾವತಿ ತೀರ:
ಜಾನ್ ಹ್ಯೂಸ್ಟನ್ ನಿರ್ದೇಶಿಸಿದ 1951ರ ‘ದಿ ಆಫ್ರಿಕನ್ ಕ್ವೀನ್’ ಚಿತ್ರವನ್ನು ಇಪ್ಪತ್ತು ವರ್ಷಗಳ ನಂತರ ಮತ್ತೆ ನೋಡಿದೆ. ನೋಡದವರಿಗಾಗಿ ಕಥೆಯ ಎಳೆಯನ್ನಷ್ಟೇ ಹೇಳುತ್ತೇನೆ. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿದ್ದ 1914ರ ಸೆಪ್ಟೆಂಬರ್, ಜರ್ಮನ್ ಪೂರ್ವ ಆಫ್ರಿಕದ (ಬಹುಪಾಲು ಇಂದಿನ ಟಾಂಜಾನಿಯಾ) ಹಳ್ಳಿಯೊಂದಕ್ಕೆ ಜರ್ಮನ್ ಪಡೆ ಬೆಂಕಿಯಿಡುತ್ತದೆ. ಅಲ್ಲಿನ ಇಂಗ್ಲಿಷ್ ಪಾದ್ರಿ ಆ ಆಘಾತದಿಂದ ಚೇತರಿಸಿಕೊಳ್ಳದೆ ತೀರಿಕೊಳ್ಳುತ್ತಾನೆ. ಅವನ ಸಹೋದರಿ ರೋಸ್, ಚಾರ್ಲಿ ಆಲ್ನಟ್ ಎಂಬವನ ಹಳೆಯ ಉಗಿದೋಣಿಯಲ್ಲಿ ನದಿಯಿಳಿದು ಹೋಗಿ, ಸರೋವರದಲ್ಲಿ ಗಸ್ತು ತಿರುಗುವ ಜರ್ಮನ್ ಹಡಗನ್ನು ಸಿಡಿಸುವ ಪಣ ತೊಡುತ್ತಾಳೆ.

ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಹಂಫ್ರಿ ಬೋಗಾರ್ಟ್ ಅವರ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಖಾಲಿ ನದಿಯ ಬಗ್ಗೆ. ಆರಂಭದ ಪ್ರಾರ್ಥನೆಯ ದೃಶ್ಯದಲ್ಲಿ ಮಿಷನ್ ಕಟ್ಟಡದ ತುಂಬ ಆಫ್ರಿಕನ್ನರಿದ್ದಾರೆ. ಹಳ್ಳಿ ಸುಟ್ಟ ಮೇಲೆ ಅವರನ್ನು ಅಟ್ಟಿಕೊಂಡು ಹೋಗುತ್ತಾರೆ. ಅವರನ್ನು ಎಲ್ಲಿಗೆ ಕರೆದೊಯ್ದರು, ಅವರ ಗತಿ ಏನಾಯಿತು ಎಂದು ಚಿತ್ರ ಮತ್ತೆ ಕೇಳುವುದಿಲ್ಲ. ದಡದ ಜರ್ಮನ್ ಕೋಟೆಯ ಮೇಲಿನಿಂದ ಗುಂಡು ಹಾರಿಸುವ ಅಸ್ಕರಿಗಳನ್ನು, ಅಂದರೆ ಜರ್ಮನ್ ಪಡೆಯ ಆಫ್ರಿಕನ್ ಸಿಪಾಯಿಗಳನ್ನು, ಬಿಟ್ಟರೆ, ಉಳಿದ ಕಥೆಯಲ್ಲಿ ಆಫ್ರಿಕವೆಂದರೆ ನೀರು, ಜೊಂಡು, ಮೊಸಳೆ, ನೀರಾನೆ ಮಾತ್ರ. ಇಬ್ಬರು ಬಿಳಿಯರ ಪ್ರೇಮಕ್ಕೆ ಜಾಗ ಮಾಡಿಕೊಡಲು ಒಂದು ನಾಡನ್ನೇ ತೆರವುಗೊಳಿಸಿದಂತೆ ನನಗೆ ಕಾಣುತ್ತದೆ.

ಹಳೆಯ ರೀಲು:
ಶರಾವತಿ ತೀರ ಅವರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ನೀವು ಈ ಚಿತ್ರದಿಂದ ಅದು ಕೊಡಲು ಹೊರಟಿರದ ವಸ್ತುವನ್ನು ಕೇಳುತ್ತಿದ್ದೀರಿ. ಇದು ಯುದ್ಧದ ಇತಿಹಾಸವಲ್ಲ. ಒಂದು ದೋಣಿ, ಇಬ್ಬರು ಮನುಷ್ಯರು, ಪರಸ್ಪರರ ಬಗ್ಗೆ ಇಬ್ಬರಿಗೂ ಇದ್ದ ತಾತ್ಸಾರ ಮೆಲ್ಲಮೆಲ್ಲನೆ ಗೌರವವಾಗುವ ಬಗೆ, ಇಷ್ಟೇ ಅದರ ವಸ್ತು. ಚಿತ್ರದ ನಡುವಿನಲ್ಲಿ ಪ್ರೊಪೆಲರ್‌ನ ಅಲಗು ಮುರಿದು, ಅದನ್ನು ತಿರುಗಿಸುವ ದಂಡ ಬಾಗಿಹೋಗುವ ಭಾಗವನ್ನು ನೆನಪಿಸಿಕೊಳ್ಳಿ. ಇದು ಆಗದ ಕೆಲಸವೆಂದು ಚಾರ್ಲಿ ಕೈಚೆಲ್ಲುತ್ತಾನೆ. ಏಕಾಗದು ಎಂದು ರೋಸ್ ಒಂದೊಂದಾಗಿ ಪ್ರಶ್ನೆ ಕೇಳುತ್ತಾಳೆ. ಕೊನೆಗೆ ಇಬ್ಬರೂ ನೀರಿನೊಳಗೆ ಮುಳುಗಿ ದಂಡವನ್ನು ಬಿಚ್ಚಿ ತಂದು, ದಡದಲ್ಲಿ ಬೆಂಕಿ ಹಾಕಿ, ಕುಲುಮೆಯಂತೆ ಕಾಯಿಸಿ ನೆಟ್ಟಗೆ ಮಾಡುತ್ತಾರೆ. ಅಲ್ಲಿ ಮುಗಿಲು ಮುಟ್ಟುವ ಸಂಗೀತವಿಲ್ಲ, ಭಾಷಣವಿಲ್ಲ, ಬರೀ ಕೆಲಸವಿದೆ. ಹಾಗೆಯೇ ಮೈತುಂಬ ಜಿಗಣೆ ಹತ್ತಿಸಿಕೊಂಡು ಮೇಲೆ ಬಂದ ಚಾರ್ಲಿ, ದೋಣಿಯನ್ನು ಎಳೆಯುವವರು ಬೇರೆ ಯಾರೂ ಇಲ್ಲವೆಂದು ತಿಳಿದು ನಡುಗುತ್ತಲೇ ಮತ್ತೆ ಅದೇ ನೀರಿಗೆ ಇಳಿಯುತ್ತಾನೆ. ಬೋಗಾರ್ಟ್ ತಮ್ಮ ಜೀವಮಾನದ ಏಕೈಕ ಆಸ್ಕರ್ ಪಡೆದದ್ದು ಈ ಪಾತ್ರಕ್ಕೆ.

ಬಣ್ಣದ ಚಿತ್ರ ತೆಗೆಯುವ ಟೆಕ್ನಿಕಲರ್ ಕ್ಯಾಮೆರಾದಂತಹ ಭಾರದ ಯಂತ್ರವನ್ನು ಹೊತ್ತು ಬೆಲ್ಜಿಯನ್ ಕಾಂಗೋ ಮತ್ತು ಉಗಾಂಡದ ನದಿಗಳಿಗೆ ಹೋಗಿ, ತಂಡದ ಬಹುಪಾಲು ಜನ ಕಾಯಿಲೆ ಬೀಳುತ್ತಿದ್ದಾಗಲೂ ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ತೆಗೆದ ಆ ಹಸಿರು ನನ್ನ ಪಾಲಿಗೆ ಇಂದಿಗೂ ಮಾಸಿಲ್ಲ.

ದಂಡು ಪ್ರದೇಶದವ:
ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಚಿತ್ರದ ಕಥೆ ನಡೆಯುವ ಕಾಲದಲ್ಲಿಯೇ, ಅಂದರೆ 1914ರ ನವೆಂಬರ್ ಮೊದಲ ವಾರದಲ್ಲಿ, ಜರ್ಮನ್ ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ಸುಮಾರು 8,000 ಸೈನಿಕರ ಭಾರತೀಯ ದಂಡು ಇಳಿಯಿತು. ಅದರ ಎರಡು ಬ್ರಿಗೇಡ್‌ಗಳಲ್ಲಿ ಒಂದರ ಹೆಸರೇ 27ನೆಯ ಬೆಂಗಳೂರು ಬ್ರಿಗೇಡ್. ವಾರಗಟ್ಟಲೆ ಹಡಗಿನಲ್ಲಿ ತುಂಬಿಕೊಂಡು ಬಂದವರನ್ನು ಅಪರಿಚಿತ ಕಾಡಿನೊಳಕ್ಕೆ ನುಗ್ಗಿಸಲಾಯಿತು. ಜರ್ಮನ್ ಸೇನಾಧಿಪತಿ ಲೆಟ್ಟೋ-ಫೋರ್‌ಬೆಕ್‌ನ ಕೈಯಲ್ಲಿದ್ದ ಸುಮಾರು ಸಾವಿರ ಜನರ ಪಡೆ, ಅದರಲ್ಲೂ ಹೆಚ್ಚಿನವರು ಆಫ್ರಿಕನ್ ಅಸ್ಕರಿಗಳು, ಅವರನ್ನು ಮತ್ತೆ ಸಮುದ್ರಕ್ಕೇ ಅಟ್ಟಿತು. ಕೆರಳಿದ ಜೇನುಹುಳುಗಳು ಎರಡೂ ಕಡೆಯವರ ಮೇಲೆ ಎರಗಿದ್ದರಿಂದ ಇದಕ್ಕೆ ಜೇನ್ನೊಣಗಳ ಕದನವೆಂಬ ಹೆಸರೂ ಬಂತು.

ಸರೋವರದ ಕಥೆಗೂ ನಿಜವಾದ ಮೂಲವಿದೆ. ಟಾಂಗನಿಕಾ ಸರೋವರದ ಜರ್ಮನ್ ಹಡಗುಗಳನ್ನು ಎದುರಿಸಲು 1915ರಲ್ಲಿ ಬ್ರಿಟಿಷ್ ನೌಕಾಪಡೆ ‘ಮಿಮಿ’ ಮತ್ತು ‘ಟೂಟೂ’ ಎಂಬ, ತಲಾ 40 ಅಡಿ ಉದ್ದದ ಎರಡು ಮೋಟಾರು ದೋಣಿಗಳನ್ನು ಕೇಪ್‌ಟೌನಿನಿಂದ ರೈಲಿನಲ್ಲಿ ತಂದು, ರೈಲು ಮುಗಿದ ಕಡೆ ಕಾಂಗೋದ ಗುಡ್ಡಗಳ ಮೇಲೆ ಉಗಿ ಟ್ರ್ಯಾಕ್ಟರು, ಎತ್ತು ಮತ್ತು ಆಳುಗಳ ಬಲದಿಂದ ಎಳೆಸಿತು. ದಾರಿ ಕಡಿದವರು, ತೊರೆಗಳಿಗೆ ಸೇತುವೆ ಹಾಕಿದವರು, ಹಗ್ಗ ಹಿಡಿದವರು ಆಫ್ರಿಕನ್ನರೇ. ಪೂರ್ವ ಆಫ್ರಿಕದ ಇಡೀ ಯುದ್ಧವೇ ತಲೆಹೊರೆಯ ಮೇಲೆ ನಡೆದದ್ದು, ಏಕೆಂದರೆ ಟ್ಸೆಟ್ಸೆ ನೊಣದ ಕಾಟದಿಂದ ಕುದುರೆ, ಎತ್ತುಗಳು ಅಲ್ಲಿ ಬಹಳ ದಿನ ಬದುಕುತ್ತಿರಲಿಲ್ಲ. ಬ್ರಿಟಿಷರ ಕಡೆಯಲ್ಲೇ ಹೊರೆಯಾಳುಗಳ ಸಂಖ್ಯೆ ಹತ್ತು ಲಕ್ಷದ ಮಟ್ಟ ಮುಟ್ಟಿತ್ತು. ಅವರಲ್ಲಿ ಸತ್ತವರು ಸುಮಾರು 95,000 ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಬಹುತೇಕರನ್ನು ಕೊಂದದ್ದು ಗುಂಡಲ್ಲ. ಆಮಶಂಕೆ, ಮಲೇರಿಯಾ ಮತ್ತು ಅರೆಹೊಟ್ಟೆ. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದ ದೊಡ್ಡ ಮಾರುಕಟ್ಟೆಯಿರುವ ಬಡಾವಣೆಗೆ ಇಂದಿಗೂ ‘ಕರಿಯಾಕೂ’ ಎಂದು ಹೆಸರು. ಅದು ಈ ಹೊರೆಯಾಳುಗಳ ದಳಕ್ಕಿದ್ದ ‘ಕ್ಯಾರಿಯರ್ ಕೋರ್’ ಎಂಬ ಇಂಗ್ಲಿಷ್ ಹೆಸರಿನ ಸ್ವಾಹಿಲಿ ರೂಪ.

ಕಡಲ ಕಿನಾರೆ:
ಭೂಗೋಳವನ್ನು ಚಿತ್ರದಲ್ಲಿ ಹುಡುಕಲು ಹೋಗಬಾರದು. ಕಥೆಯ ಉಲಾಂಗಾ ನದಿ ಸರೋವರವನ್ನು ಸೇರುತ್ತದೆ. ನಿಜವಾದ ಉಲಾಂಗಾ ರುಫಿಜಿ ನದಿಯನ್ನು ಕೂಡಿಕೊಂಡು ಪೂರ್ವಕ್ಕೆ ಹರಿದು ಹಿಂದೂ ಮಹಾಸಾಗರಕ್ಕೆ ಸೇರುತ್ತದೆ. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಮುಕ್ತಾಯ. ಸಿ. ಎಸ್. ಫಾರೆಸ್ಟರ್ ಅವರ 1935ರ ಕಾದಂಬರಿಯಲ್ಲಿ ರೋಸ್ ಮತ್ತು ಚಾರ್ಲಿ ಸೋಲುತ್ತಾರೆ. ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗುತ್ತದೆ, ಹಡಗನ್ನು ಮುಳುಗಿಸುವುದು ಬ್ರಿಟಿಷ್ ನೌಕಾಪಡೆಯ ಮೋಟಾರು ದೋಣಿಗಳು. ಚಿತ್ರವು ಆ ಗೆಲುವನ್ನು ಇವರಿಬ್ಬರ ಕೈಗೆ ಕೊಟ್ಟಿತು. ಸಾಹಸಚಿತ್ರಕ್ಕೆ ಅದು ಸೊಗಸೇ ಇರಬಹುದು, ಆದರೆ ಅಷ್ಟೆಲ್ಲ ಪಾಡು ಪಟ್ಟೂ ಕೈಗೂಡದ ಕೆಲಸದ ಗಾಂಭೀರ್ಯ ಅಲ್ಲಿ ಕಳೆದುಹೋಯಿತು ಎಂಬುದು ನನ್ನ ಅಭಿಪ್ರಾಯ.

ಶರಾವತಿ ತೀರ:
ಹಳೆಯ ರೀಲು ಅವರೇ, ಪ್ರೊಪೆಲರ್ ದೃಶ್ಯ ನನ್ನ ಕಣ್ಣನ್ನೂ ತುಂಬಿಸುತ್ತದೆ, ಅದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ‘ಇದು ಆ ಕಾಲದ ದೃಷ್ಟಿ’ ಎಂಬ ಸಮಾಧಾನವನ್ನು ದಯವಿಟ್ಟು ಯಾರೂ ಹೇಳಬಾರದು. ಅದೇ 1914ರಲ್ಲಿ, ಪಕ್ಕದ ಬ್ರಿಟಿಷ್ ವಸಾಹತು ನ್ಯಾಸಾಲ್ಯಾಂಡಿನಲ್ಲಿ, ಅಂದರೆ ಇಂದಿನ ಮಲಾವಿಯಲ್ಲಿ, ಜಾನ್ ಚಿಲೆಂಬ್ವೆ ಎಂಬ ಆಫ್ರಿಕನ್ ಪಾದ್ರಿ ಇದ್ದರು. ಸೆಪ್ಟೆಂಬರಿನಲ್ಲಿ ಬ್ರಿಟಿಷರಿಗೂ ಜರ್ಮನರಿಗೂ ನಡೆದ ಕರೋಂಗಾ ಕಾಳಗದಲ್ಲಿ ತಮ್ಮ ಜನರು ಸತ್ತದ್ದನ್ನು ಕಂಡ ಅವರು, ತಮ್ಮದಲ್ಲದ ಜಗಳಕ್ಕೆ ಆಫ್ರಿಕನ್ನರು ರಕ್ತ ಸುರಿಸಬೇಕೇಕೆ ಎಂದು ನವೆಂಬರಿನಲ್ಲಿ ಪತ್ರಿಕೆಗೆ ಪತ್ರ ಬರೆದರು. ಸರ್ಕಾರ ಅದನ್ನು ಅದುಮಿತು. 1915ರ ಜನವರಿಯಲ್ಲಿ ಅವರು ದಂಗೆಯೆದ್ದರು, ಫೆಬ್ರವರಿಯ ಆರಂಭದಲ್ಲಿ ಗುಂಡಿಗೆ ಬಲಿಯಾದರು. ಚಿತ್ರದಲ್ಲಿಯೂ ಒಬ್ಬ ಪಾದ್ರಿಯಿದ್ದಾನೆ, ಒಂದು ಪ್ರಾರ್ಥನಾ ಮಂದಿರವಿದೆ. ಆ ಮಂದಿರದಲ್ಲಿ ಕೂತು ತಪ್ಪುತಪ್ಪಾಗಿ ಹಾಡುವವರಲ್ಲಿ ಒಬ್ಬರಿಗಾದರೂ ಇಂಥ ಪ್ರಶ್ನೆ ಇದ್ದಿರಬಹುದೆಂದು ಕ್ಯಾಮೆರಾ ಊಹಿಸಲಿಲ್ಲ. ಅವರ ರಾಗ ತಪ್ಪುವುದನ್ನು ನಗೆಗೆ ಬಳಸಿಕೊಂಡಿತು. ಇದನ್ನು ನಾನು ಮನ್ನಿಸಲಾರೆ.

ಹಳೆಯ ರೀಲು:
ಚಿಲೆಂಬ್ವೆ ಅವರ ವಿಷಯ ನನಗೆ ತಿಳಿದಿರಲಿಲ್ಲ. ಚಿತ್ರವನ್ನು ಪ್ರೀತಿಸುವುದನ್ನು ನಾನು ಬಿಡುವುದಿಲ್ಲ, ಆದರೆ ನಿನ್ನೆ ರಾತ್ರಿ ನಿಮ್ಮ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ನೋಡಿದೆ. ಆರಂಭದಲ್ಲಿ ಚಾರ್ಲಿಯೊಡನೆ ದೋಣಿಯಲ್ಲಿ ಆಫ್ರಿಕನ್ ಕೆಲಸಗಾರರಿದ್ದಾರೆ. ಹಳ್ಳಿ ಸುಟ್ಟ ಮೇಲೆ ಬರುವಾಗ ಅವನು ಒಬ್ಬನೇ. ಮುಂದೆ ಬಾಯ್ಲರ್ ಬುಸುಗುಟ್ಟಿದಾಗಲೆಲ್ಲ ಅವನು ಅದನ್ನು ಕಾಲಿನಿಂದ ಒದೆಯುತ್ತಾನೆ. ಕಾರಣ ಕೇಳಿದರೆ, ಕೆಲಸದ ಹುಡುಗನೊಬ್ಬ ಒಳಗೆ ಸ್ಕ್ರೂಡ್ರೈವರ್ ಬೀಳಿಸಿದ್ದಾನೆ, ಅದಕ್ಕೇ ಹೀಗೆ ಎನ್ನುತ್ತಾನೆ. ಎಷ್ಟೋ ಸಲ ನಕ್ಕಿದ್ದ ಮಾತು ಅದು. ಆ ಹುಡುಗ ಯಾರು, ಈಗೆಲ್ಲಿದ್ದಾನೆ ಎಂದು ಚಾರ್ಲಿಯೂ ಹೇಳುವುದಿಲ್ಲ, ರೋಸ್ ಕೂಡ ಕೇಳುವುದಿಲ್ಲ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.