ಪದಚರ್ಚೆ: ‘ದುರ್ಬಲ ದ್ರಾವಣ’ದಲ್ಲಿ ಅಯಾನುಗಳ ‘ಸಾಂದ್ರತೆ’ – ಸರಿಯೇ? (ತುರ್ತು)

ಪ್ರಶ್ನೆ:
ನಮಸ್ಕಾರ. ಪ್ರಯೋಗಶಾಲೆಯ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಲೆಕ್ಕ ಹೀಗಿದೆ: 1.11 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ದ್ರಾವಣ ಮಾಡಿದರೆ ಒಂದೊಂದು ಅಯಾನಿನ (ವಿದ್ಯುದಾವೇಶವಿರುವ ಕಣದ) ‘ಸಾಂದ್ರತೆ’ ಎಷ್ಟು? ‘ಸಾಂದ್ರತೆ’ ಇರಲೇ, ‘ಸಾರತೆ’ ಮಾಡಲೇ? ದ್ರಾವಣವನ್ನು ‘ದುರ್ಬಲ’ ಎನ್ನಬಹುದೇ?

ಉತ್ತರ:
‘ಸಾಂದ್ರತೆ’ ಬೇಡ. ಅದು ರಾಶಿಯನ್ನು ಗಾತ್ರದಿಂದ ಭಾಗಿಸಿದ್ದು. ನಿಮ್ಮ ದ್ರಾವಣದ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ. ಲೀಟರಿಗೆ ಎಷ್ಟು ಮೋಲ್ (ಕಣಗಳ ಎಣಿಕೆಯ ಮಾನ) ಎಂಬುದು ಸಾರತೆ. 1.11 ಗ್ರಾಂ ಎಂದರೆ 0.01 ಮೋಲ್. ಒಂದು ಕ್ಯಾಲ್ಸಿಯಂ ಅಯಾನಿಗೆ ಎರಡು ಕ್ಲೋರೈಡ್ ಅಯಾನುಗಳಿರುವುದರಿಂದ ಕ್ಯಾಲ್ಸಿಯಂ ಅಯಾನಿನ ಸಾರತೆ 0.01, ಕ್ಲೋರೈಡಿನದು ಅದರ ಇಮ್ಮಡಿ, 0.02. ಹಾಗಾಗಿ ಬರೀ ‘ದ್ರಾವಣದ ಸಾರತೆ’ ಎಂದು ಬಿಡಬೇಡಿ, ಯಾವ ಅಯಾನಿನದೆಂದು ಹೇಳಿ.

‘ದುರ್ಬಲ’ ತಪ್ಪೇ ತಪ್ಪು. ಪ್ರಬಲ, ದುರ್ಬಲ ಎನ್ನುವುದು ಆಮ್ಲ ಎಷ್ಟರಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬುದಕ್ಕೆ ಮೀಸಲು. ಅಸಿಟಿಕ್ ಆಮ್ಲ ದುರ್ಬಲ, ಲೀಟರಿಗೆ 0.1 ಮೋಲ್ ಹಾಕಿದರೂ ಹೈಡ್ರೋಜನ್ ಅಯಾನಿನ ಸಾರತೆ ಸುಮಾರು 0.0013. ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರು ಬೆರೆಸಿ 0.001ಕ್ಕೆ ಇಳಿಸಿದರೂ ಅದು ಪ್ರಬಲವೇ, ಪೂರಾ ಒಡೆದೇ ಇರುತ್ತದೆ. ಎರಡಕ್ಕೂ ‘ದುರ್ಬಲ’ ಅಂದರೆ ಓದುವ ಮಕ್ಕಳ ಗತಿಯೇನು? ಸಾರತೆ ಕಡಿಮೆಯಿರುವ ದ್ರಾವಣಕ್ಕೆ ‘ಸಾರರಿಕ್ತ’ ಎನ್ನಿ.

ಮತ್ತೊಂದು ಉತ್ತರ:
‘ರಿಕ್ತ’ ಎಂದರೆ ಬರಿದು. 0.02 ಮೋಲ್ ಇದೆ ಎಂದು ನೀವೇ ಲೆಕ್ಕ ಹಾಕಿ ಕೊಟ್ಟಿರಿ, ಬರಿದು ಹೇಗಾಯಿತು? ‘ರಿಕ್ತಹಸ್ತ’ ಅಂದರೆ ಕೈಯಲ್ಲಿ ಸ್ವಲ್ಪ ಇದೆ ಎಂದಲ್ಲ. ‘ತೆಳು ದ್ರಾವಣ’ ಎನ್ನಿ. ಅಚ್ಚಗನ್ನಡ, ಎಲ್ಲರಿಗೂ ತಿಳಿಯುತ್ತದೆ. ಪ್ರತಿ ಪದಕ್ಕೂ ಸಂಸ್ಕೃತದ ಬಾಗಿಲು ತಟ್ಟುವುದನ್ನು ಇನ್ನಾದರೂ ಬಿಡೋಣ.

ಮರು:
‘ತೆಳು’ ಒಪ್ಪುವುದಿಲ್ಲ. ಪದರಕ್ಕಾದರೆ ಸರಿ, ದ್ರವಕ್ಕೆ ಹೇಳಿದರೆ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಕಡಿಮೆ ಎಂದಾಗುತ್ತದೆ, ಅದು ಬೇರೆಯೇ ಗುಣ. ರೂಢಿಗೆ ಬಂದ ಪದದ ನಿಷ್ಪತ್ತಿ ಹಿಡಿದು ಜಗ್ಗಬೇಡಿ. ಸಂಸ್ಕೃತ ಬೇಡವೆನ್ನುವ ತಾವು ‘ಅಯಾನು’ ಬಗ್ಗೆ ಚಕಾರ ಎತ್ತಲಿಲ್ಲ. ಅದು ಗ್ರೀಕ್, ಚಲಿಸುವಂಥದ್ದು ಎಂಬರ್ಥದಲ್ಲಿ ವಿಜ್ಞಾನಿ ಫ್ಯಾರಡೆ 1834ರಲ್ಲಿ ಬಳಕೆಗೆ ತಂದದ್ದು. ಕೊನೆಗೊಂದು ಉಕಾರ ಸೇರಿ ‘ಅಯಾನಿನ, ಅಯಾನಿಗೆ’ ಆದಮೇಲೆ ಅದು ನಮ್ಮದೇ. ಗ್ರೀಕಿಗೆ ಸಿಕ್ಕ ಜಾಗ ಸಾರ, ರಿಕ್ತಗಳಿಗೇಕಿಲ್ಲ?

ಅನುವಾದಕರೇ, ‘ಈ ಸಾರರಿಕ್ತ ದ್ರಾವಣದಲ್ಲಿ ಕ್ಲೋರೈಡ್ ಅಯಾನಿನ ಸಾರತೆ ಲೀಟರಿಗೆ 0.02 ಮೋಲ್’ ಎಂದು ಬರೆದು ಅಚ್ಚಿಗೆ ಕಳಿಸಿ. ತೆಳುವಿನ ಜಗಳ ಆಮೇಲೆ ಮುಂದುವರಿಸೋಣ.