ಬೇಸಿಗೆಗೆ ಒಗ್ಗುವ ಚಪ್ಪಲಿ: ದಾವಣಗೆರೆಯವರ ಸಹಾಯ ಬೇಕು

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಶಿಕ್ಷಕಿಯಾಗಿದ್ದು, ಹೆಚ್ಚಿನ ಸಮಯ ನಿಂತೇ ಪಾಠ ಮಾಡಬೇಕಾಗುತ್ತದೆ. ಏಪ್ರಿಲ್ ಬಿಸಿಲಿಗೆ ಪಾದಗಳು ಊದಿಕೊಳ್ಳುವುದರಿಂದ, ಬೆಳಿಗ್ಗೆ ಸರಿಯಾಗಿದ್ದ ಚಪ್ಪಲಿಯೇ ಸಂಜೆಯ ವೇಳೆಗೆ ಬಿಗಿಯಾಗಿ ಕಚ್ಚತೊಡಗುತ್ತದೆ. ಮಂಡಿಪೇಟೆಯಲ್ಲಿಯೂ ಅಶೋಕ ರಸ್ತೆಯಲ್ಲಿಯೂ ಹುಡುಕಿದ್ದೇನೆ. ಸೀರೆಗೆ ಒಪ್ಪುವಂಥವು ನನಗೆ ಕಂಡಂತೆ ಬಹುತೇಕ ರೆಕ್ಸಿನ್‌ನವು. ಬೆವರು ಆರದೆ ಪಟ್ಟಿಯ ಕೆಳಗೆ ಗುಳ್ಳೆ ಏಳುತ್ತದೆ. ಇವಿಎ (ಹಗುರವಾದ ಫೋಮ್) ಅಟ್ಟೆಯ ಸ್ಯಾಂಡಲ್ ಹಗುರವೂ ಮೆತ್ತಗೂ ಇದೆ, ಆದರೆ ಮದುವೆ ಮನೆಗೆ ಹಾಕಿಕೊಂಡು ಹೋಗುವಂತಿಲ್ಲ.

ಈಗ ಮನಸ್ಸು ಕೊಲ್ಹಾಪುರಿ ಚಪ್ಪಲಿಯತ್ತ ಹೋಗಿದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ (ನಿರ್ದಿಷ್ಟ ಪ್ರದೇಶದ ಉತ್ಪನ್ನವೆಂಬ ಜಿಐ ಗುರುತು) ಪಡೆದ ಈ ಚಪ್ಪಲಿಯನ್ನು ಮಹಾರಾಷ್ಟ್ರದಲ್ಲಷ್ಟೇ ಅಲ್ಲದೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಲ್ಲಿಯೂ ಅಪ್ಪಟ ತೊಗಲಿನಿಂದ ತಯಾರಿಸುತ್ತಾರೆ. ನೋಡಲು ನಿಜಕ್ಕೂ ಸೊಗಸು, ಗಾಳಿಯೂ ಆಡುತ್ತದೆ. ಆದರೆ ಅದರ ಅಟ್ಟೆ ಚಪ್ಪಟೆ ಮತ್ತು ಗಟ್ಟಿ. ತೊಗಲು ಪಳಗಿದ ಮೇಲೆ ಪಾದಕ್ಕೆ ಹೊಂದಿಕೊಳ್ಳುತ್ತದೆ ಎಂದು ಅಂಗಡಿಯವರು ಹೇಳುತ್ತಾರಾದರೂ, ದಿನವಿಡೀ ನಿಲ್ಲುವವರ ಹಿಮ್ಮಡಿಗೆ ಅಷ್ಟು ಸಾಕೇ ಎಂಬುದೇ ನನ್ನ ಗೊಂದಲ.

ನಿಂತು ಮಾಡುವ ಕೆಲಸಕ್ಕೆ ಕೊಲ್ಹಾಪುರಿ ಬಳಸಿರುವ ಸೋದರಿಯರು ದಯವಿಟ್ಟು ತಿಳಿಸಿ: ಹಿಮ್ಮಡಿ ನೋಯುವುದಿಲ್ಲವೇ, ಮತ್ತು ಒಳಗೆ ಮೆತ್ತನೆಯ ಪದರವಿರುವ ತೊಗಲಿನ ಜೋಡು ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತದೆ?